ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ

"ಹಾಗಾದ್ರೆ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಇಟ್ಕೊಳ್ಳೋಣ್ವಾ?"

ಡಾಕ್ಟರ್ ಹೀಗೆ ಕೇಳಿದಾಗ ನಾನು ಸುಮ್ಮನೆ ತಲೆಯಾಡಿಸಿದೆ. ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ ಹಾಗಿತ್ತು. ಹೆರಿಗೆ ಅಂದ್ರೆ ನನ್ನ ತಲೆಯಲ್ಲಿದ್ದದ್ದು ಸಿನಿಮಾದ ಹೆರಿಗೆ. ಅಡುಗೆಮನೆಯಲ್ಲಿ ಕೆಲಸ ಮಾಡ್ತಿದ್ದವಳು ಇದ್ದಕ್ಕಿದ್ದ ಹಾಗೆ ಹೊಟ್ಟೆ ಹಿಡ್ಕೋಬೇಕು, ಕೈಯಲ್ಲಿದ್ದ ತಟ್ಟೆ ಬೀಳಬೇಕು, ಗಂಡ ಚಪ್ಪಲಿ ಹಾಕಿಕೊಳ್ಳದೇ ಆಟೋಗೆ ಓಡಬೇಕು... ನನ್ನದು ಹಾಗಾಗಲಿಲ್ಲ. ಮನೆಗೆ ಬಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನವನ ಲೆಕ್ಕದ ಪಕ್ಕದಲ್ಲಿ, ಗುರುವಾರದ ಸುತ್ತ ಒಂದು ಸೊನ್ನೆ ಬರೆದೆ. ಅಷ್ಟೇ.

ಇಷ್ಟಕ್ಕೆಲ್ಲ ಕಾರಣ ನಮ್ಮ ಹೊಟ್ಟೆಯೊಳಗಿನ ಮಹಾತಾಯಿ ಕೂತಿದ್ದು. ಹೌದು, ಅಕ್ಷರಶಃ ಕೂತಿದ್ದು. 32ನೇ ವಾರದ ಸ್ಕ್ಯಾನಿನಲ್ಲಿ ತಲೆ ಮೇಲೆ, ಕುಂಡೆ ಕೆಳಗೆ, ಕಾಲೆರಡೂ ಮಡಚದೆ ನೆಟ್ಟಗೆ ಕಿವಿಯ ಹತ್ತಿರ. "ಇನ್ನೂ ಟೈಮಿದೆ, ತಿರುಗುತ್ತೆ ಬಿಡಿ" ಅಂದರು ಡಾಕ್ಟರ್. ಹೆಚ್ಚಿನ ಮಕ್ಕಳು ತಿರುಗಿಯೇ ತಿರುಗುತ್ತವಂತೆ. ದಿನ ತುಂಬುವ ಹೊತ್ತಿಗೆ ನೂರಕ್ಕೆ ಮೂರೋ ನಾಲ್ಕೋ ಮಾತ್ರ ಹೀಗೆ ಉಳಿಯುತ್ತವೆ. ಪರೀಕ್ಷೆಗಳಲ್ಲಿ ಯಾವತ್ತೂ ಮೊದಲ ಮೂರು ರ‍್ಯಾಂಕಿಗೆ ಬಾರದ ನನಗೆ ಈ ಮೂರು ಜನರಲ್ಲಿ ಜಾಗ ಸಿಕ್ಕಿತು!

ತಿರುಗಿಸೋದಕ್ಕೆ ನಾನು ಮಾಡದ ಸರ್ಕಸ್ ಇಲ್ಲ. ಸೊಂಟದ ಕೆಳಗೆ ಮೂರು ದಿಂಬು ಇಟ್ಟುಕೊಂಡು ಕಾಲು ಮೇಲೆ ಮಾಡಿ ಮಲಗಿದೆ. ಕೈ ಮಂಡಿ ಊರಿ ಮನೆಯೆಲ್ಲ ಅಂಬೆಗಾಲಿಟ್ಟೆ. ಇವರು ನನ್ನ ಹೊಟ್ಟೆಯ ಕೆಳಭಾಗಕ್ಕೆ ಬಾಯಿಟ್ಟು "ಪುಟ್ಟೂ, ಇಲ್ಲಿದೀನಿ, ಈ ಕಡೆ ತಲೆ ಹಾಕು" ಅಂತ ದಿನಾ ರಾತ್ರಿ ಕೂಗೋರು. ಪಕ್ಕದ ಮನೆಯವರಿಗೆ ಏನನ್ನಿಸಿತೋ ಗೊತ್ತಿಲ್ಲ. ಇದರಿಂದೆಲ್ಲ ತಿರುಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಮಗು ಅಲ್ಲಾಡಲಿಲ್ಲ. ಹೊಟ್ಟೆಯ ಮೇಲಿಂದ ಕೈಯಲ್ಲೇ ಒತ್ತಿ ತಿರುಗಿಸುವ ಒಂದು ವಿಧಾನವೂ ಇದೆ, ಸುಮಾರು ಅರ್ಧದಷ್ಟು ಜನರಲ್ಲಿ ಫಲಿಸುತ್ತದೆ. ಆದರೆ ನನ್ನ ಹೊಟ್ಟೆಯಲ್ಲಿ ನೀರು ಕಮ್ಮಿ ಇದ್ದಿದ್ದರಿಂದ ಅದೂ ಬೇಡವೆಂದಾಯಿತು.

ಹೀಗೆ ಸಿಸೇರಿಯನ್ ಅಂತ ತೀರ್ಮಾನವಾದ ದಿನ ಮನೆಗೆ ಬಂದು ನಾನು ಅತ್ತೆ. (ಅತ್ತೆಯ ವಿಷಯಕ್ಕೆ ಆಮೇಲೆ ಬರ್ತೀನಿ, ಇದು ಅಳುವ ಅತ್ತೆ!)

ಯಾಕೆ ಅತ್ತೆ ಅಂತ ಈಗ ಯೋಚಿಸಿದರೆ, ನೋವಿನ ಭಯಕ್ಕಲ್ಲ. ಅವಮಾನಕ್ಕೆ. ಐದು ತಿಂಗಳಿಂದ ದಿನಾ ಮುಕ್ಕಾಲು ಗಂಟೆ ನಡೆದಿದ್ದೆ. ನೆಲ ಒರೆಸಿದ್ದೆ. ಬದ್ಧಕೋನಾಸನದಲ್ಲಿ ಕೂತು ಟೀವಿ ನೋಡಿದ್ದೆ. ಇಷ್ಟೆಲ್ಲ ಓದಿಕೊಂಡು ಹೋದರೆ ಪರೀಕ್ಷೆಯನ್ನೇ ರದ್ದು ಮಾಡಿದ ಹಾಗಾಯಿತು. ಮೇಲಿನ ಮನೆಯ ಆಂಟಿ ಬೇರೆ, "ಈಗಿನ ಹುಡುಗೀರಿಗೆ ನೋವು ತಡ್ಕೊಳ್ಳೋ ಶಕ್ತಿ ಎಲ್ಲಿದೆ ಬಿಡಮ್ಮ, ಕುಯ್ಸಿಕೊಂಡು ಬಂದುಬಿಡ್ತಾರೆ" ಅಂದರು. ನನಗಲ್ಲ, ನನ್ನೆದುರಿಗೆ ಇವರಿಗೆ. ಅದು ಇನ್ನೂ ಜಾಸ್ತಿ ಚುಚ್ಚಿತು.

ಆಂಟಿಯ ಮಾತಿನಲ್ಲಿ ಪೂರ್ತಿ ಹುರುಳಿಲ್ಲ ಅಂತಲೂ ಹೇಳೋ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 21.5 ಹೆರಿಗೆ ಸಿಸೇರಿಯನ್. ನಮ್ಮ ಕರ್ನಾಟಕದಲ್ಲಿ 31.5. ಖಾಸಗಿ ಆಸ್ಪತ್ರೆಗಳ ಲೆಕ್ಕ ಇದಕ್ಕಿಂತ ಎಷ್ಟೋ ಮೇಲೆ. ಇಡೀ ಜನಸಂಖ್ಯೆಯ ಲೆಕ್ಕದಲ್ಲಿ ನೂರಕ್ಕೆ ಹತ್ತನ್ನು ದಾಟಿದ ಮೇಲೆ ಸಿಸೇರಿಯನ್ ಹೆಚ್ಚಿದ ಮಾತ್ರಕ್ಕೆ ತಾಯಿ ಮಕ್ಕಳ ಸಾವು ಕಮ್ಮಿಯಾಗುವುದು ಕಂಡುಬಂದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಹಾಗಾಗಿ ನಾನು ಡಾಕ್ಟರನ್ನು ನೇರವಾಗಿ ಕೇಳಿಯೇಬಿಟ್ಟೆ, "ಮೇಡಂ, ಇದು ನಿಜವಾಗ್ಲೂ ಬೇಕಾ?"

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ಹಾಳೆ ತಗೊಂಡು ಚಿತ್ರ ಬರೆದರು. ಮಗುವಿನ ದೇಹದಲ್ಲಿ ಎಲ್ಲಕ್ಕಿಂತ ದೊಡ್ಡದು, ಗಟ್ಟಿಯಾದದ್ದು ತಲೆ. ಅದು ಮೊದಲು ಬಂದರೆ ದಾರಿ ಮಾಡಿಕೊಂಡು ಬರುತ್ತದೆ, ಮಿಕ್ಕಿದ್ದು ಜಾರಿ ಬರುತ್ತದೆ. ಉಲ್ಟಾ ಇದ್ದಾಗ ಮೈಯೆಲ್ಲ ಬಂದು ಕೊನೆಗೆ ತಲೆ ಸಿಕ್ಕಿಕೊಳ್ಳಬಹುದು. ಆಗ ಹೊಕ್ಕುಳಬಳ್ಳಿ ಒತ್ತಿಹೋಗುತ್ತದೆ, ಉಸಿರಿಲ್ಲ, ಇರೋದು ಕೆಲವೇ ನಿಮಿಷ. 2000ನೇ ಇಸವಿಯಲ್ಲಿ 26 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ ಬಂತು. ಇಂಥ ಮಕ್ಕಳಿಗೆ ಮೊದಲೇ ಗೊತ್ತುಮಾಡಿದ ಸಿಸೇರಿಯನ್ ಹೆಚ್ಚು ಕ್ಷೇಮ ಅಂತ ಅದು ಹೇಳಿದ ಮೇಲೆ ಜಗತ್ತಿನ ಕಡೆಯೆಲ್ಲ ಪದ್ಧತಿಯೇ ಬದಲಾಯಿತಂತೆ. "ಅನುಭವ ಇರೋ ಕಡೆ ಈಗಲೂ ನಾರ್ಮಲ್ ಮಾಡಿಸ್ತಾರೆ. ಆದರೆ ಮೊದಲ ಹೆರಿಗೆ, ನೀರೂ ಕಮ್ಮಿ. ನಿಮ್ಮ ಜಾಗದಲ್ಲಿ ನನ್ನ ಮಗಳಿದ್ರೂ ಇದನ್ನೇ ಹೇಳ್ತಿದ್ದೆ. ಮುಂದಿನ ಮಗು ತಲೆ ಕೆಳಗೆ ಇದ್ರೆ ಅದು ನಾರ್ಮಲ್ ಆಗಬಾರದು ಅಂತೇನಿಲ್ಲ" ಅಂದರು.

ಆ ಹಾಳೆಯನ್ನು ಇಸ್ಕೊಂಡು ಬಂದೆ. ಈಗಲೂ ಫೈಲಿನಲ್ಲಿದೆ.

ಈಗ ಅತ್ತೆಯ ವಿಷಯ.

ಡೇಟು ಗೊತ್ತಾದ ಸಂಜೆಯೇ ಅತ್ತೆ ಪಂಚಾಂಗ ತೆಗೆದರು. ಡಾಕ್ಟರ್ ಕೊಟ್ಟಿದ್ದು ಎರಡು ಆಯ್ಕೆ, ಗುರುವಾರ ಇಲ್ಲವೇ ಶುಕ್ರವಾರ. ಗುರುವಾರ ಜ್ಯೇಷ್ಠಾ, ಶುಕ್ರವಾರ ಮೂಲಾ! "ಜ್ಯೇಷ್ಠಾ ಭಾವನಿಗೆ ಆಗಲ್ಲ, ಮೂಲಾ ಮಾವನಿಗೆ ಆಗಲ್ಲ. ಹುಟ್ಟೋದು ಹೆಣ್ಣಾಗಿಬಿಟ್ರೆ ನಾಳೆ ಮದುವೆ ಮಾಡೋದು ಹೇಗಮ್ಮಾ?" ಅಂತ ಅತ್ತೆ ತಲೆ ಮೇಲೆ ಕೈ ಹೊತ್ತರು. ಇನ್ನೂ ಹುಟ್ಟದ ಮಗುವಿನ ಇನ್ನೂ ಸಿಗದ ಗಂಡನ, ಇರುತ್ತಾನೋ ಇಲ್ಲವೋ ಗೊತ್ತಿಲ್ಲದ ಅಣ್ಣನ ಆರೋಗ್ಯದ ಬಗ್ಗೆ ನಮ್ಮ ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಜೋಯಿಸರು ಹತ್ತು ದಿನ ಮುಂಚಿನ ಸೋಮವಾರ ಪುಷ್ಯ ಇದೆ, ಲಗ್ನವೂ ಚೆನ್ನಾಗಿದೆ ಅಂತ ಹೇಳಿಬಿಟ್ಟರು. "ಹೇಗಿದ್ರೂ ಕುಯ್ದೇ ತೆಗೆಯೋದು, ಒಳ್ಳೆ ದಿನ ತೆಗೀಲಿ" ಅನ್ನೋದು ಅತ್ತೆಯ ವಾದ. ಸುಳ್ಳು ಯಾಕೆ ಹೇಳಲಿ, ನನಗೂ ಒಂದು ಕ್ಷಣ ಹೌದಲ್ಲ ಅನ್ನಿಸಿತ್ತು. ಹತ್ತು ದಿನದಲ್ಲಿ ಏನು ಮಹಾ?

ಕೇಳೋದಕ್ಕೆ ಅತ್ತೆಯನ್ನೇ ಕರ್ಕೊಂಡು ಹೋದೆ. ಡಾಕ್ಟರ್ ಅವರಿಗೆ ಕುರ್ಚಿ ಕೊಟ್ಟು, "ಅಮ್ಮಾ, ಆ ಸೋಮವಾರಕ್ಕೆ 37 ವಾರ 5 ದಿನ ಆಗಿರತ್ತೆ. ಗುರುವಾರಕ್ಕೆ 39 ವಾರ 1 ದಿನ. ಈ ಹತ್ತು ದಿನದಲ್ಲಿ ಮಗುವಿನ ಶ್ವಾಸಕೋಶ ಇನ್ನಷ್ಟು ಪಕ್ವ ಆಗತ್ತೆ. ಹೆರಿಗೆ ನೋವು ಬಂದ್ರೆ ಶ್ವಾಸಕೋಶದಲ್ಲಿರೋ ನೀರು ತಾನಾಗೇ ಹೀರಿಹೋಗೋಕೆ ಶುರುವಾಗತ್ತೆ. ನಾವು ನೋವಿಲ್ಲದೇ ತೆಗೀತಿದೀವಿ, ಅದರಲ್ಲೂ ಬೇಗ ತೆಗೆದ್ರೆ ಮಗು ಉಸಿರಾಡೋಕೆ ಒದ್ದಾಡಿ ಎನ್‌ಐಸಿಯೂಗೆ ಹೋಗೋ ಸಾಧ್ಯತೆ ಜಾಸ್ತಿ. ಕಾರಣ ಇಲ್ಲದೇ 39ಕ್ಕಿಂತ ಮುಂಚೆ ನಾನು ಮಾಡಲ್ಲ" ಅಂದರು. "ಹಾಗಾದ್ರೆ ಇನ್ನೂ ನಾಲ್ಕು ದಿನ ಮುಂದಕ್ಕೆ?" ಅಂದರು ಅತ್ತೆ. "ನೀರು ಕಮ್ಮಿ ಇದೆ, ಅಷ್ಟು ಕಾಯೋಕೂ ಆಗಲ್ಲ."

ಅತ್ತೆ ಮಾತಾಡಲಿಲ್ಲ. ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಯಲ್ಲಿ ಪೇಪರ್ ಓದ್ತಿದ್ದ ಮಾವ ಮುಖ ಎತ್ತದೇ ಕೇಳಿದರು, "ನಿಂದು ಆಶ್ಲೇಷಾ ಅಲ್ವೇನೇ? ಅತ್ತೆಗೆ ಆಗಲ್ಲ ಅಂತ ಆಗಲೂ ಅಂದಿದ್ರು. ನಮ್ಮಮ್ಮ ಎಷ್ಟು ವರ್ಷ ಬದುಕಿದ್ರು?"

ತೊಂಬತ್ತೆರಡು! ಕೊನೆ ದಿನದವರೆಗೂ ಕವಳ ಕುಟ್ಟಿಕೊಂಡು ಹಾಕ್ತಿದ್ದರು.

ಅಲ್ಲಿಗೆ ಗುರುವಾರವೇ ಖಾಯಂ ಆಯಿತು.

ಇಷ್ಟೂ ಹೊತ್ತು ನನ್ನಮ್ಮ ಈ ಕಡೆ ಒಂದು ಮಾತೂ ಆಡಿರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಎರಡು ವಾರ ಮೊದಲೇ ಬಸ್ಸು ಹತ್ತಿ ಬಂದಿದ್ದಳು, ಎರಡು ಚೀಲ ಬಾಣಂತನದ ಸಾಮಾನು ಹೊತ್ತುಕೊಂಡು. ಓಂಕಾಳು, ಮೆಂತ್ಯ, ಅಂಟಿನುಂಡೆಯ ಅಂಟು, ಬಜೆ ಬೇರು, ಮನೆಯ ಕೊಬ್ಬರಿ ಎಣ್ಣೆ. ಹಳೇ ಸೀರೆಗಳನ್ನು ಹರಿದು, ಒಗೆದು, ಬಿಸಿಲಿಗೆ ಒಣಗಿಸಿ ಮಡಚಿದ ಮೆತ್ತನೆ ಬಟ್ಟೆಗಳ ಒಂದು ಗಂಟು. ಬಾಯಿಬಡುಕಿ ಅಮ್ಮ ಈ ಸಲ ಸುಮ್ಮನಿದ್ದದ್ದು ನೋಡಿ, ಇವಳಿಗೂ ಮಗಳು ಆಪರೇಷನ್ ಮಾಡಿಸಿಕೊಳ್ತಾಳೆ ಅಂತ ಬೇಜಾರು ಅಂದುಕೊಂಡೆ. ಕೇಳೋ ಧೈರ್ಯ ಆಗಲಿಲ್ಲ.

ನಡುವೆ ತಯಾರಿ ನಡೆದಿತ್ತು. ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೀತಿದೀನಿ.

ಅರಿವಳಿಕೆ ಡಾಕ್ಟರನ್ನು ಮೊದಲೇ ಭೇಟಿ ಮಾಡಿಸುತ್ತಾರೆ. ಅಲ್ಲಾಡೋ ಹಲ್ಲಿದೆಯಾ, ಯಾವ ಔಷಧಿ ಆಗಲ್ಲ, ರಕ್ತ ತೆಳು ಮಾಡೋ ಮಾತ್ರೆ ತಗೋತಿದೀರಾ ಅಂತೆಲ್ಲ ಕೇಳುತ್ತಾರೆ. ನಾಚಿಕೊಳ್ಳದೇ ಎಲ್ಲ ಹೇಳಿ, ಎಲ್ಲ ಕೇಳಿ. ನಾನು ಕೇಳಿದ್ದು ಬೆನ್ನಿನ ಇಂಜೆಕ್ಷನ್ ಬಗ್ಗೆ. ಅದರಿಂದ ಜೀವನಪೂರ್ತಿ ಬೆನ್ನು ನೋವು ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳ್ತಿದ್ದರು. ಅವರು ನಕ್ಕು, ಬೆನ್ನುಹುರಿ ಮುಗಿದ ಮೇಲೆ ಅದರ ಕೆಳಗಿನ ಜಾಗದಲ್ಲಿ ತೀರಾ ಸಣ್ಣ ಸೂಜಿ ಹಾಕೋದು, ವರ್ಷಗಟ್ಟಲೆ ನೋವಿಗೆ ಅದು ಕಾರಣ ಅಲ್ಲ, ಮಗು ಎತ್ತೋದು, ಬಗ್ಗಿ ಹಾಲು ಕುಡಿಸೋದು ಕಾರಣ ಅಂದರು. ಕೆಲವರಿಗೆ ಒಂದೆರಡು ದಿನ ಬಿಟ್ಟು ಜೋರು ತಲೆನೋವು ಬರಬಹುದು, ಬಂದರೆ ಸುಮ್ಮನಿರದೇ ಹೇಳಬೇಕು. "ನೋವು ಗೊತ್ತಾಗಲ್ಲ, ಆದರೆ ಎಳೆಯೋದು, ಒತ್ತೋದು ಗೊತ್ತಾಗತ್ತೆ. ಯಾರೋ ಹೊಟ್ಟೆಯೊಳಗೆ ಬ್ಯಾಗ್ ತಡಕಾಡಿದ ಹಾಗೆ. ಮೈ ನಡುಗಬಹುದು. ಹೆದರಬೇಡಿ" ಅಂದರು. ಇದನ್ನು ಮೊದಲೇ ಹೇಳಿದ್ದು ಎಷ್ಟು ಒಳ್ಳೇದಾಯ್ತು ಅಂತ ಆಮೇಲೆ ಗೊತ್ತಾಯಿತು.

ಬ್ಯಾಗಿಗೆ ಹಾಕಬೇಕಾದ್ದು: ಮುಂದೆ ಬಟನ್ ಇರೋ ಸಡಿಲ ನೈಟಿಗಳು. ಹೊಲಿಗೆಗೆ ತಾಕದ ಹಾಗೆ ಹೊಕ್ಕುಳಿಗಿಂತ ಮೇಲೆ ಬರೋ ದೊಡ್ಡ ಒಳಚಡ್ಡಿ (ಆಪರೇಷನ್ ಆದವರಿಗೂ ರಕ್ತಸ್ರಾವ ಇರುತ್ತದೆ, ಪ್ಯಾಡ್ ಮರೀಬೇಡಿ). ಒಂದು ಗಟ್ಟಿ ದಿಂಬು, ಕೆಮ್ಮುವಾಗ ನಗುವಾಗ ಹೊಟ್ಟೆಗೆ ಒತ್ತಿ ಹಿಡಿಯೋದಕ್ಕೆ, ವಾಪಸ್ ಬರುವಾಗ ಕಾರಿನಲ್ಲಿ ಪ್ರತಿ ಹಂಪಿಗೂ ಬೇಕಾಗೋದು ಇದೇ. ಇನ್ಶೂರೆನ್ಸ್ ಕಾಗದ ಮೊದಲೇ ಕೊಟ್ಟಿಡಿ. ನಿಮ್ಮ ರಕ್ತದ ಗುಂಪಿನ ಒಬ್ಬಿಬ್ಬರಿಗೆ ಹೇಳಿಡಿ. ಉಗುರಿಗೆ ಬಣ್ಣ, ಬೆರಳ ತುದಿಗೆ ಮೆಹೆಂದಿ ಬೇಡ, ಅಲ್ಲಿ ಕ್ಲಿಪ್ ಹಾಕಿ ಆಕ್ಸಿಜನ್ ನೋಡುತ್ತಾರೆ. ಊಟ ಹಿಂದಿನ ರಾತ್ರಿಯೇ ಮುಗಿಯಬೇಕು, ನನಗೆ ಬೆಳಿಗ್ಗೆ ಆರರವರೆಗೆ ಬರೀ ನೀರಿಗೆ ಅಪ್ಪಣೆ ಇತ್ತು. ಹೊಟ್ಟೆಯಲ್ಲಿ ಊಟ ಇದ್ದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುವ ಅಪಾಯ.

ಮತ್ತೆ ಒಡವೆ. ಒಂದೂ ಮೈಮೇಲೆ ಇರಬಾರದು. ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸೋಕೆ ಕರೆಂಟಿನ ಉಪಕರಣ ಬಳಸುತ್ತಾರೆ, ಲೋಹ ಇದ್ದರೆ ಅಲ್ಲಿ ಸುಡಬಹುದು. ಸೀಮಂತದ ಹಸಿರು ಬಳೆ ಅಮ್ಮನೇ ಸೋಪು ಹಚ್ಚಿ ತೆಗೆದಳು. ಕಾಲುಂಗುರಕ್ಕೆ ಊದಿದ ಬೆರಳು ಜಗ್ಗಲಿಲ್ಲ, ಕೊನೆಗೆ ನೂಲು ಸುತ್ತಿ ಎಳೆದದ್ದಾಯಿತು. ತಾಳಿ? ನಾನು ಅತ್ತೆಯ ಮುಖ ನೋಡೋ ಧೈರ್ಯ ಮಾಡಲಿಲ್ಲ.

ಬುಧವಾರ ಸಂಜೆ ಆಸ್ಪತ್ರೆಗೆ ಹೊರಡುವಾಗ ಅತ್ತೆ ದೇವರ ಮನೆಗೆ ಕರೆದರು. ಅರಿಶಿನದ ಕೊಂಬು ಕಟ್ಟಿದ ಹಳದಿ ದಾರ ಒಂದನ್ನು ತಾವೇ ಹೊಸೆದಿಟ್ಟಿದ್ದರು. ಅದನ್ನು ನನ್ನ ಕೊರಳಿಗೆ ಕಟ್ಟಿ, ಚಿನ್ನದ್ದನ್ನು ಬಿಚ್ಚಿ ತಮ್ಮ ಸೆರಗಿಗೆ ಗಂಟು ಹಾಕಿಕೊಂಡರು. "ಜ್ಯೇಷ್ಠಾ ಅಂದ್ರೆ ಹಿರಿಯವಳು ಅಂತ ಅರ್ಥ ಕಣಮ್ಮಾ. ಮೊದಲನೇ ಮಗು ತಾನೇ. ಸರಿಯಾಗೇ ಇದೆ" ಅಂದರು. ಇಡೀ ವಾರ ಅವರ ಮೇಲೆ ಒಳಗೊಳಗೇ ಸಿಟ್ಟು ಮಾಡಿಕೊಂಡಿದ್ದವಳಿಗೆ ಆ ಹೊತ್ತಿನಲ್ಲಿ ಏನು ಹೇಳಬೇಕೋ ತೋಚದೇ ಕಾಲಿಗೆ ನಮಸ್ಕಾರ ಮಾಡೋಕೆ ಹೋದೆ. ಬಗ್ಗೋಕೆ ಆದ್ರೆ ತಾನೆ!

ರಾತ್ರಿ ವಾರ್ಡಿನಲ್ಲಿ ನಾನು, ಅಮ್ಮ ಇಬ್ಬರೇ. ನಿದ್ದೆ ಬರಲಿಲ್ಲ. ಬೆಳಗಾದರೆ ಎಷ್ಟು ಗಂಟೆಗೆ ಏನಾಗುತ್ತೆ ಅಂತ ಗೊತ್ತಿರುವ ಭಯ ಒಂಥರಾ ಬೇರೆ. ಕೊನೆಗೆ ಕೇಳಿಯೇಬಿಟ್ಟೆ, "ಅಮ್ಮ, ನಾನು ನಾರ್ಮಲ್ ಆಗಿ ಹೆರಲಿಲ್ಲ ಅಂತ ನಿಂಗೆ ಬೇಜಾರಾ?"

ಅಮ್ಮ ಬಟ್ಟೆಯ ಗಂಟು ಬಿಚ್ಚಿ ಮತ್ತೆ ಮಡಚುತ್ತಾ ಕೂತಿದ್ದಳು.

"ಬೇಜಾರಾ? ನಿನ್ನ ದೊಡ್ಡಮ್ಮ ಹೇಗೆ ಹೋದಳು ಅಂತ ನಿಂಗೆ ಯಾವತ್ತೂ ಹೇಳಿಲ್ಲ ಅಲ್ದಾ?"

ಅಜ್ಜನ ಮನೆಯ ಜಗುಲಿಯಲ್ಲಿ ಒಂದು ಫೋಟೋ ಇದೆ, ಎರಡು ಜಡೆ ಹಾಕಿದ ಹುಡುಗಿ. ದೊಡ್ಡಮ್ಮ, ಜ್ವರ ಬಂದು ತೀರಿಕೊಂಡಳು ಅಂತ ನಮಗೆಲ್ಲ ಹೇಳಿದ್ದರು. ಜ್ವರ ಅಲ್ಲವಂತೆ. 1969, ಆಷಾಢದ ಮಳೆ. ಅಮ್ಮನಿಗೆ ಒಂಬತ್ತು ವರ್ಷ, ದೊಡ್ಡಮ್ಮನಿಗೆ ಹತ್ತೊಂಬತ್ತು. ಚೊಚ್ಚಲು. ಕಾಲು ಮೊದಲು ಬಂತು. ಸೂಲಗಿತ್ತಿ ಗಟ್ಟಿಗಿತ್ತಿಯೇ, ಊರಿನ ಅರ್ಧ ಮಕ್ಕಳನ್ನು ಹಿಡಿದವಳು. ಆದರೆ ತಲೆ ಬರಲಿಲ್ಲ. ಕಂಬಳಿಯ ಜೋಲಿ ಕಟ್ಟಿ ನಾಲ್ಕು ಜನ ಹೊತ್ತು ಹೊರಟರೆ ಹೊಳೆ ತುಂಬಿ ದೋಣಿ ನಿಂತಿತ್ತು. ದಡದಲ್ಲೇ ಬೆಳಗಾಯಿತು. "ಲಾಟೀನು ಹಿಡ್ಕೊಂಡು ಹಿಂದೆ ಹೋಗಿದ್ದೆ ನಾನು. ಯಾರಿಗೂ ನನ್ನ ವಾಪಸ್ ಕಳಿಸೋದು ನೆನಪಾಗ್ಲಿಲ್ಲ. ಅಕ್ಕ ಕೂಗ್ತಾ ಇದ್ದಳು, ಆಮೇಲೆ ಕೂಗೋದು ನಿಂತ್ತು."

ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

"ನಿಂಗೆ ಮಗು ಉಲ್ಟಾ ಇದೆ ಅಂದ ದಿನದಿಂದ ನಂಗೆ ಊಟ ಸೇರಿಲ್ಲ ಪುಟ್ಟಿ. ಬಾಯಿ ಬಿಟ್ರೆ ಅದೇ ಬಂದುಬಿಡ್ತದೇನೋ ಅಂತ ಸುಮ್ನಿದ್ದೆ. ಕುಯ್ಯಲಿ, ಏನು ಬೇಕಾದ್ರೂ ಮಾಡ್ಲಿ. ಬಾಗಿಲಾಚೆ ಡಾಕ್ಟ್ರು ಇದ್ದಾರೆ, ಅಷ್ಟು ಸಾಕು ನಂಗೆ."

ಗಂಟಿನಲ್ಲಿದ್ದ ಒಂದು ಬಟ್ಟೆ ತೋರಿಸಿದಳು. ಬಣ್ಣ ಹೋಗಿ ನೀರುಮಜ್ಜಿಗೆಯ ಹಾಗಾಗಿದ್ದ ಹತ್ತಿ ಸೀರೆಯ ತುಂಡು. ದೊಡ್ಡಮ್ಮನದು. ಅಜ್ಜಿ ಇಟ್ಟುಕೊಂಡಿದ್ದು, ಅಜ್ಜಿಯ ನಂತರ ಅಮ್ಮ. "ಇದು ತರಬಾರದಿತ್ತೋ ಏನೋ... ಬಿಟ್ಟು ಬರೋಕೂ ಮನಸಾಗ್ಲಿಲ್ಲ."

ಅವತ್ತು ರಾತ್ರಿ ನನ್ನ ಅವಮಾನ ಎಲ್ಲಿ ಹೋಯಿತೋ ಗೊತ್ತಿಲ್ಲ. ಮೇಲಿನ ಮನೆ ಆಂಟಿ ನೆನಪಾಗಲೇ ಇಲ್ಲ. ಅಮ್ಮನ ಕೈ ಹಿಡಿದುಕೊಂಡು ಒಂದೆರಡು ಗಂಟೆ ನಿದ್ದೆಯನ್ನೂ ಮಾಡಿದೆ.

ಬೆಳಿಗ್ಗೆ ಏಳಕ್ಕೆ ಮತ್ತೊಮ್ಮೆ ಸ್ಕ್ಯಾನ್. ಕೊನೆ ಗಳಿಗೆಯಲ್ಲಿ ತಿರುಗಿರುವ ಮಕ್ಕಳೂ ಇವೆಯಂತೆ. ನಮ್ಮದು ಕೂತೇ ಇತ್ತು, ಹಠಮಾರಿ. ಡ್ರಿಪ್ಪು, ಸಹಿಗಳು, ಒಂದು ಆಂಟಿಬಯೋಟಿಕ್. ಒಳಗೆ ಐಸ್‌ನಂಥ ಚಳಿ. ಬೆನ್ನು ಬಗ್ಗಿಸಿ ಕೂರಿಸಿದಾಗ ಒಬ್ಬ ಸಿಸ್ಟರ್ ನನ್ನ ಹಣೆಯನ್ನು ತಮ್ಮ ಭುಜಕ್ಕೆ ಆನಿಸಿಕೊಂಡು ಹಿಡಿದುಕೊಂಡರು. ಅವರ ಮುಖ ಮಾಸ್ಕಿನೊಳಗಿತ್ತು, ಇವತ್ತು ಎದುರು ಬಂದರೂ ಗುರುತು ಸಿಗಲಿಕ್ಕಿಲ್ಲ. ಸೂಜಿ ಇರುವೆ ಕಚ್ಚಿದ ಹಾಗೆ, ಆಮೇಲೆ ಕಾಲಿಗೆ ಬೆಚ್ಚಗೆ ನೀರು ಹೊಯ್ದ ಹಾಗೆ. ನನ್ನ ಕಾಲು ನನ್ನದಲ್ಲ ಅನ್ನಿಸುವಷ್ಟರಲ್ಲಿ ಮುಂದೆ ಹಸಿರು ಪರದೆ. ಹೇಳಿದ ಹಾಗೇ ಮೈ ನಡುಗಿತು, ಹೇಳಿದ ಹಾಗೇ ಬ್ಯಾಗ್ ತಡಕಾಡಿದರು. ಹತ್ತು ನಿಮಿಷವೂ ಆಗಿರಲಿಲ್ಲ, "ಕಾಲು ಬಂತು... ಕೈ ಬಂತು..." ಅಂತ ಡಾಕ್ಟರ್ ಹೇಳ್ತಿದ್ದರು. "ತಲೆ ಬಂತು" ಅಂದಾಗ ನಾನು ಅತ್ತೆ. ಆಮೇಲೆ ಅದೂ ಅತ್ತಿತು. ಹೊಲಿಗೆಗೆ ಇನ್ನೂ ಅರ್ಧ ಗಂಟೆಯ ಮೇಲೆ ಹಿಡಿಯಿತು, ನನಗೆ ಅದ್ಯಾವುದೂ ನೆನಪಿಲ್ಲ.

ಹೆಣ್ಣು. ಜ್ಯೇಷ್ಠಾ ನಕ್ಷತ್ರ.

ಸುಲಭ ಅಂತ ಯಾರಿಗೂ ಹೇಳಲ್ಲ. ಮಾರನೇ ದಿನ ಎದ್ದು ನಿಲ್ಲಿಸಿದಾಗ ಹೊಟ್ಟೆ ಕಳಚಿ ಬೀಳುತ್ತೇನೋ ಅನ್ನಿಸಿತ್ತು. ಎಣ್ಣೆ ನೀರಿಗೆ ಗಾಯ ಒಣಗುವವರೆಗೆ ಅಮ್ಮ ಕಾದಳು, ಲೋಬಾನದ ಹೊಗೆಯನ್ನು ಮಕ್ಕಳ ಡಾಕ್ಟರ್ ಬೇಡವೆಂದರು ಅಂತ ಬೇಜಾರಿನಿಂದಲೇ ಕೈಬಿಟ್ಟಳು. ಉಲ್ಟಾ ಇದ್ದ ಮಕ್ಕಳಿಗೆ ಸೊಂಟದ ಕೀಲು ಸರಿಯಾಗಿ ಕೂತಿದೆಯಾ ಅಂತ ಆರು ವಾರಕ್ಕೆ ಒಂದು ಸ್ಕ್ಯಾನ್ ಮಾಡಿಸಬೇಕು, ಅದೂ ಆಯಿತು, ಸರಿ ಇದೆ.

ಮಗಳಿಗೀಗ ಮೂರು ತಿಂಗಳು. ಹೊಟ್ಟೆಯೊಳಗಿನ ಅಭ್ಯಾಸದಿಂದ ಮೊದಲ ಕೆಲವು ವಾರ ಕಾಲೆರಡನ್ನೂ ಮುಖದ ಹತ್ತಿರ ಎತ್ತಿಕೊಂಡೇ ಮಲಗುತ್ತಿದ್ದಳು. ಮನೆಯಲ್ಲಿ ಮೊದಲ ಸಲ ಎರೆದ ದಿನ ಅಮ್ಮ ಅವಳನ್ನು ಆ ಬಣ್ಣ ಹೋದ ಸೀರೆ ತುಂಡಿನಲ್ಲಿ ಸುತ್ತಿದಳು. ಸುತ್ತಿದ ಬಟ್ಟೆಯಿಂದ ಎರಡು ನಿಮಿಷದಲ್ಲೇ ಒದ್ದುಕೊಂಡು ಎರಡು ಕೆಂಪು ಪಾದ ಹೊರಗೆ ಬಂದವು. ಅಮ್ಮ ಅವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಹಾಗೇ ಕೂತಿದ್ದಳು.

"ಎಷ್ಟು ಸಣ್ಣ ಕಾಲು ನೋಡೇ" ಅಂದಳು.